ಟೀ ಲೋಟದಲ್ಲಿ ಒಂದು ಹಲ್ಲು

ಹಲ್ಲಿನ ಲ್ಯಾಬು, ಕಿಟಕಿ ಪಕ್ಕದ ನಿಮ್ಮ ಬೆಂಚು
ಶನಿವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ ಎರಡು ಗಂಟೆ

ದವಡೆಗಳ ದೊರೆಯೂ ಮೇಣದ ಮಹಾರಾಜರೂ ಆದ ನನ್ನ ಪ್ರೀತಿಯ ತಾತನವರ ಸನ್ನಿಧಾನಕ್ಕೆ,

ಮೊಮ್ಮಗಳು ಬೆಂಚಿಗೆ ಹಣೆ ತಾಗಿಸಿ ಮಾಡುವ ನಮಸ್ಕಾರಗಳು. (ನಿಜವಾಗಿಯೂ ತಾಗಿಸಿದೆ. ಹಣೆಗೆ ಪ್ಲಾಸ್ಟರ್ ಪುಡಿ ಮೆತ್ತಿಕೊಂಡಿದೆ. ಇಷ್ಟು ಭಕ್ತಿ ಸಾಕೋ ಇನ್ನೂ ಬೇಕೋ?)

ಹೇಗಿದ್ದೀರಿ ತಾತಾ? ಮೊಣಕಾಲು ನೋವು ಇಳಿಯಿತಾ? ಅತ್ತೆ ಮನೆಯ ಮೆಟ್ಟಿಲು ಬಲು ಕಡಿದು, ಕಂಬಿ ಹಿಡಿದುಕೊಂಡೇ ಇಳಿಯಿರಿ, ಗತ್ತು ತೋರಿಸಬೇಡಿ, ಅಲ್ಲಿ ನೋಡುವವರು ಯಾರೂ ಇಲ್ಲ. ಅತ್ತೆ ಕೊಡುವ ಟೀ ಈಗಲೂ ಬಿಸಿನೀರಿಗೆ ಟೀಪುಡಿಯ ಕಥೆ ಹೇಳಿ ಇಳಿಸಿದ ಹಾಗೇ ಇದೆಯಾ? ನಿದ್ದೆ ಬರುತ್ತಾ? ಬರುತ್ತಿರಬೇಕು. ಯಾಕೆಂದರೆ ನಾನು ಬೆಳಗ್ಗೆ ಹನ್ನೊಂದಕ್ಕೆ ಫೋನು ಮಾಡಿದರೂ "ತಾತ ಮಲಗಿದ್ದಾರೆ ಕಣೇ," ಸಂಜೆ ಐದಕ್ಕೆ ಮಾಡಿದರೂ "ಈಗಷ್ಟೇ ಮಲಗಿದರು ಕಣೇ." ಹನ್ನೆರಡು ದಿನದಿಂದ ನೀವು ಮಲಗಿರುವ ಲೆಕ್ಕ ನೋಡಿದರೆ ಕುಂಭಕರ್ಣ ನಿಮ್ಮ ಹತ್ತಿರ ಪಾಠಕ್ಕೆ ಬರಬೇಕು. ಇರಲಿ. ಬೆರಳು ಹೇಗಿವೆ? ಬಲಗೈ ಹೆಬ್ಬೆರಳು, ತೋರುಬೆರಳು? ಉಳಿದ ಪ್ರಶ್ನೆಗಳಿಗೆಲ್ಲ ಸೇರಿಸಿ "ಚೆನ್ನಾಗಿದೆ" ಅಂತ ಒಂದೇ ಉತ್ತರ ಗೀಚಿದರೂ ನಡೆಯುತ್ತೆ. ಈ ಒಂದಕ್ಕೆ ಮಾತ್ರ ನಿಜ ಬೇಕು. ಯಾಕೆ ಅಂತ ಮುಂದೆ ಬರುತ್ತೆ.

ಫೋನಿಗೆ ಬರದವರಿಗೆ ಕಾಗದವೇ ಗತಿ. "ಚೀಟಿ ಇಲ್ಲದ ಕೆಲಸ ಮುಟ್ಟಬೇಡ" ಅಂತ ನನಗೆ ಕಲಿಸಿದವರು ನೀವು. ಡಾಕ್ಟರು ಯಾರ ಬಾಯಿ, ಯಾವ ಬಣ್ಣ, ಎಷ್ಟು ಹಲ್ಲು ಅಂತ ಬರೆದು ಸಹಿ ಹಾಕಿ ಕಳಿಸದೆ ನೀವು ಮೇಣ ಕರಗಿಸಿದವರಲ್ಲ. ಹಾಗಾದರೆ ಇದನ್ನೂ ಚೀಟಿ ಅಂದುಕೊಳ್ಳಿ. ಇನ್ನು ಮುಟ್ಟಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ.

ವಿಷಯ ಇಷ್ಟು. ಸೋಮವಾರ ಹೊಸಬರೊಬ್ಬರು ಬರುತ್ತಾರೆ. ನಿಮ್ಮ ಬೆಂಚಲ್ಲಿ ಕೂತು ಹಲ್ಲು ಕೂರಿಸುತ್ತಾರೆ. ನಿಮ್ಮ ಡ್ರಾಯರು ಖಾಲಿ ಮಾಡು ಅಂತ ಅಪ್ಪ ಬೆಳಗ್ಗೆ ಹೇಳಿ, ಡಾಕ್ಟರ ಕ್ಲಿನಿಕ್ಕಿಗೆ ಹೋಗಿದ್ದಾರೆ. ನಾಲ್ಕು ಗಂಟೆಗೆ ವಾಪಸ್ಸು. ಅಷ್ಟರಲ್ಲಿ ನಾನು ನಿಮಗೊಂದು ವಿಷಯ ಹೇಳಬೇಕು. ನಾಲ್ಕಕ್ಕೆ ಶಟರು ಎತ್ತಿದ ಸದ್ದಾದ ಕೂಡಲೇ ಅದನ್ನೇ ಅಪ್ಪನಿಗೂ ಹೇಳಬೇಕು. ಮೊದಲನೆಯದು ಕಾಗದದಲ್ಲಿ, ಸುಲಭ. ಎರಡನೆಯದಕ್ಕೆ ಬಾಯಲ್ಲಿ ಮಾತು ಇನ್ನೂ ಸೆಟ್ ಆಗಿಲ್ಲ.

ನೋಡಿದಿರಾ, ಬಂತು ಆ ಶಬ್ದ! ಕಿಟಕಿ ಪಕ್ಕದ ಗೋಡೆ ಮೇಲೆ ಪೆನ್ಸಿಲಿನಲ್ಲಿ ನಾವಿಬ್ಬರೂ ಬರೆದ ಪಟ್ಟಿ ಇಲ್ಲೇ ನನ್ನ ಕಣ್ಣ ಮುಂದಿದೆ. "ಈ ಇಂಗ್ಲಿಷಿನವರು ಎಂಥ ಜಿಪುಣರು ನೋಡೇ ತರಲೆ, ಒಂದೇ ಅಂಗಿಯನ್ನ ಮನೆಮಂದಿಯೆಲ್ಲ ಸರದಿ ಮೇಲೆ ತೊಟ್ಟ ಹಾಗೆ ಒಂದೇ ಶಬ್ದ ಇಟ್ಟುಕೊಂಡು ಸಂಸಾರ ಮಾಡ್ತಾರೆ" ಅಂತ ನೀವು ಶುರು ಮಾಡಿದ್ದು. ಡಿಕ್ಷನರಿ ನೋಡುವಂತಿಲ್ಲ, ಯಾರಾದರೂ ಬಾಯಿಬಿಟ್ಟು ಆಡಿದ್ದನ್ನು ಕಿವಿಯಾರೆ ಕೇಳಿದರೆ ಮಾತ್ರ ಗೋಡೆಗೆ ಏರಿಸಬೇಕು ಅನ್ನುವುದು ನಿಯಮ. ಒಂದನೆಯದು ನಮ್ಮ ಅನ್ನ: ಕಟ್ಟುಹಲ್ಲಿನ ಸಾಲು ಮೇಲೊಂದು ಕೆಳಗೊಂದು ಸೇರಿದರೆ ಒಂದು ಸೆಟ್. ಎರಡು, ಮೇಣದಲ್ಲಿ ಹಲ್ಲು ಕೂರಿಸುವ ಕೆಲಸ. ಅದಕ್ಕೇ ನೀವು ಸೆಟ್ಟಿಂಗ್ ಮೇಸ್ತ್ರಿ. ಮೂರು, ಪ್ಲಾಸ್ಟರ್ ಗಟ್ಟಿಯಾಗುವುದು. ಆಮೇಲೆ ಅಮ್ಮನ ಆರು ಕಪ್ಪಿನ ಟೀ ಸೆಟ್, ಅದರಲ್ಲಿ ಈಗ ಇರುವುದು ನಾಲ್ಕೇ ಆದರೂ ಹೆಸರು ಸೆಟ್ಟೇ. ಎದುರು ಸಲೂನಿನವನು ಬಾಚಣಿಗೆಯಿಂದ ಗಿರಾಕಿಯ ತಲೆಗೆ ಕೊಡುವ ಏಟು. ಅಪ್ಪನ ಅಲಾರಂ. ನನ್ನ ಗೆಳತಿಗೆ ಗಂಡು ಗೊತ್ತಾದದ್ದು, ಆ ಗಂಡಿನ ಕೆಲಸ ಖಾಯಮ್ಮಾದದ್ದು, ಆ ಇಬ್ಬರಿಗೂ ಮಾತು ಹೊಂದದೆ ಮುರಿದುಬಿದ್ದದ್ದು, ಮೂರಕ್ಕೂ ಆಗಿದೆ, ಆಗಿಲ್ಲ ಅಂತ ಅದೇ ಶಬ್ದ. ಇಪ್ಪತ್ತಾರನೆಯದು ನೀವೇ ತಂದದ್ದು. ಕ್ಲಿನಿಕ್ಕಿನಲ್ಲಿ ಯಾರೋ ಸೂರ್ಯ ಮುಳುಗುವುದಕ್ಕೂ ಅದನ್ನೇ ಅಂದರಂತೆ. ನೀವು ಬಂದವರೇ ಚಪ್ಪಲಿ ಕೂಡ ಬಿಡದೆ ಗೋಡೆಗೆ ಬರೆದಿರಿ: "ಪ್ಲಾಸ್ಟರ್ ನಿಲ್ಲೋದೂ ಸೆಟ್ಟಂತೆ, ಸೂರ್ಯ ಹೋಗೋದೂ ಸೆಟ್ಟಂತೆ. ಇವರಿಗೆ ಇರೋದಕ್ಕೂ ಹೋಗೋದಕ್ಕೂ ವ್ಯತ್ಯಾಸವೇ ಗೊತ್ತಿಲ್ಲ."

ಪಟ್ಟಿ ಮೂವತ್ತಕ್ಕೆ ನಿಂತಿದೆ. ಮೂವತ್ತೊಂದನೆಯದನ್ನು ಅವತ್ತು ಅಪ್ಪ ನಿಮಗೆ ಅಂದರು, ನಾನು ಪಕ್ಕದಲ್ಲೇ ನಿಂತು ಕೇಳಿದೆ. ನಿಯಮದ ಪ್ರಕಾರ ಗೋಡೆಗೆ ಬರೆಯಬೇಕಿತ್ತು. ಪೆನ್ಸಿಲು ಎತ್ತಿದೆ, ಇಟ್ಟೆ.

ಈಗ ನಗೆ ಸಾಕು. ಅಂದರೆ, ಸಾಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನನಗೆ ಹೆದರಿಕೆಯಾದಾಗಲೇ ತಮಾಷೆ ಜಾಸ್ತಿ ಅಂತ ನಿಮಗೊಬ್ಬರಿಗೇ ಗೊತ್ತು.

ನಮ್ಮ ಶುಕ್ರವಾರದ ಆಟದಿಂದ ಶುರು ಮಾಡುತ್ತೇನೆ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಆದರೂ ಕೇಳಿ, ನಾಲ್ಕಕ್ಕೆ ಅಪ್ಪನಿಗೆ ಇದೇ ಕ್ರಮದಲ್ಲಿ ಒಪ್ಪಿಸಬೇಕು, ಅಭ್ಯಾಸವಾಗಲಿ. ಮೇಣದಲ್ಲಿ ಕೂರಿಸಿದ ಸೆಟ್ಟು ಕ್ಲಿನಿಕ್ಕಿಗೆ ಹೋಗಿ, ಪೇಷಂಟ್ ಬಾಯಿಗೆ ಇಟ್ಟು ನೋಡಿ, ಡಾಕ್ಟರು ಸರಿ ಅಂದು, ವಾಪಸ್ಸು ಬರುತ್ತೆ. ಅದಕ್ಕೆ ಪ್ಲಾಸ್ಟರ್ ಸುರಿದು ಹಿತ್ತಾಳೆ ಡಬ್ಬಿಯಲ್ಲಿ ಮುಚ್ಚಿದರೆ ಮುಗಿಯಿತು, ಆಮೇಲೆ ಹಲ್ಲು ಅಲುಗಿಸುವ ಹಾಗಿಲ್ಲ. ಮುಚ್ಚುವ ಮುಂಚೆ ನೀವು ಕಣ್ಣು ಮುಚ್ಚಿಕೊಂಡು, ಹೆಬ್ಬೆರಳು ತೋರುಬೆರಳಿನಲ್ಲಿ ಮೇಲಿನ ಸಾಲಿನ ಹದಿನಾಲ್ಕು ಹಲ್ಲನ್ನೂ ಒಂದೊಂದಾಗಿ ಸವರಿ ನೋಡುತ್ತಿದ್ದಿರಿ. ನಾನು ಈ ಲ್ಯಾಬಿಗೆ ಬಂದ ಮೊದಲ ತಿಂಗಳೇ ಆ ಗಾಂಭೀರ್ಯ ನೋಡಲಾಗದೆ ಒಂದು ಕೋರೆಹಲ್ಲು ಕಿತ್ತು ಆ ಜಾಗಕ್ಕೆ ದವಡೆಹಲ್ಲು ಅಂಟಿಸಿದ್ದೆ. ನೀವು ಕಣ್ಣು ತೆರೆಯಲಿಲ್ಲ, ಬೈಯಲಿಲ್ಲ. ಅದನ್ನು ಸರಿಮಾಡಿ, ಹಳೇ ಡಬ್ಬಿಯಿಂದ ಒಂದು ಒಡಕು ಹಲ್ಲು ತೆಗೆದು ನನ್ನ ಟೀ ಲೋಟದೊಳಗೆ ಟಣ್ ಅನ್ನಿಸಿದಿರಿ. "ಸಿಕ್ಕಿತು." ಅಷ್ಟೇ ಮಾತು.

ಅವತ್ತಿನಿಂದ ಅದೇ ಕಟ್ಟಳೆ. ಶುಕ್ರವಾರಕ್ಕೊಂದು ತಪ್ಪು, ಲೋಟಕ್ಕೊಂದು ಹಲ್ಲು. ನಾನು ಜಾಣೆಯಾಗುತ್ತಾ ಬಂದೆ. ಕಿತ್ತು ಬದಲಿಸುವುದು ಬಿಟ್ಟು, ಕೂದಲೆಳೆಯಷ್ಟು ತಿರುಗಿಸುವುದಕ್ಕೆ ಇಳಿದೆ. ನೀವು ಇನ್ನೂ ಜಾಣರು. ಎರಡು ವರ್ಷದಲ್ಲಿ ನಾನು ಒಂದು ಸಲವೂ ಗೆದ್ದಿರಲಿಲ್ಲ.

ಗೆದ್ದದ್ದು ಒಂದೂವರೆ ತಿಂಗಳ ಹಿಂದೆ. ಅವತ್ತು ನೀವು ಹದಿನಾಲ್ಕೂ ಸವರಿದಿರಿ, ಸುಮ್ಮನೆ ಎದ್ದು ಪ್ಲಾಸ್ಟರ್ ಕಲಸಲು ಬಟ್ಟಲು ತೆಗೆದಿರಿ. ತಾತ ನನಗೇ ಟೋಪಿ ಹಾಕುತ್ತಿದ್ದಾರೆ, ಕೊನೇ ಗಳಿಗೆಯಲ್ಲಿ ತಿರುಗಿ ನಗುತ್ತಾರೆ ಅಂತ ಕಾದೆ. ನೀರು ಹಾಕಿದಿರಿ. ಪುಡಿ ಉದುರಿಸಿದಿರಿ. "ತಾತಾ, ಹೊರಗೆ ಯಾರೋ ಕರೀತಿದಾರೆ" ಅಂತ ಒಂದು ಸುಳ್ಳು ಒಗೆದು, ನೀವು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಮೇಣದ ಚಾಕು ಬಿಸಿ ಮಾಡಿ ಹಲ್ಲು ನೆಟ್ಟಗೆ ಮಾಡಿದೆ. ಇಡೀ ಜೀವಮಾನದಲ್ಲಿ ಗೆದ್ದು ಅಷ್ಟು ಅಳು ಬಂದದ್ದು ಅದೇ ಮೊದಲು. ಆಮೇಲೆ ಇನ್ನೆರಡು ಶುಕ್ರವಾರವೂ ಹಾಗೇ ಆಯಿತು. ಒಮ್ಮೆ "ನಿಮ್ಮ ಕನ್ನಡಕ ಎಲ್ಲಿ?" ಇನ್ನೊಮ್ಮೆ "ಅಮ್ಮ ಕರೀತಾಳೆ." ನೀವು ಬಿಸಿ ಚಾಕುವಿನ ತುದಿ ಹಿಡಿದುಕೊಂಡೂ ಕೈ ಹಿಂದಕ್ಕೆಳೆಯದೆ ನಿಂತದ್ದನ್ನು ನೋಡಿದೆ. ತೋರುಬೆರಳಲ್ಲಿ ಬೊಬ್ಬೆ ಎದ್ದಿತ್ತು, ಅದು ನಿಮಗೆ ಗೊತ್ತಾದದ್ದು ನಾನು ತೋರಿಸಿದ ಮೇಲೆ.

ಹಾಗಿದ್ದರೆ ಆಟ ಯಾಕೆ ನಿಲ್ಲಿಸಲಿಲ್ಲ ಅಂತ ಕೇಳುತ್ತೀರಿ. ಅಪ್ಪನೂ ಅದನ್ನೇ ಕೇಳುತ್ತಾರೆ. ನಿಲ್ಲಿಸಿದ್ದರೆ ನನಗೆ ಗೊತ್ತಾಗಿದೆ ಅಂತ ನಿಮಗೆ ಗೊತ್ತಾಗುತ್ತಿತ್ತಲ್ಲ ತಾತಾ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಇದು ಸಣ್ಣದು ಅಂತ ಈಗ ಗೊತ್ತಾಗುತ್ತಿದೆ.

ನಾಲ್ಕನೆಯದು ಅನೌನ್ಸರಮ್ಮನ ಸೆಟ್ಟು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ಅಂತ ಹೇಳುತ್ತಾರಲ್ಲ, ಅವರು. ಮೇಲಿನ ಮುಂದಿನ ಎರಡು ಹಲ್ಲಿನ ಪಕ್ಕದ್ದನ್ನು ಉಗುರಿನ ಅಂಚಿನಷ್ಟು ತಿರುಗಿಸಿದೆ. ಉದ್ದೇಶಪೂರ್ವಕವಾಗಿ ಸ್ವಲ್ಪ ದಪ್ಪ ತಪ್ಪು, ನಿಮಗೆ ಸಿಗಲಿ ಅಂತ. ನೀವು ಕಣ್ಣು ಮುಚ್ಚಿದಿರಿ, ಸವರಿದಿರಿ. ಆ ಹಲ್ಲಿನ ಮೇಲೆ ಬೆರಳು ನಿಂತಿತು. ಮುಂದಕ್ಕೆ ಹೋಯಿತು. ಮತ್ತೆ ಹಿಂದಕ್ಕೆ ಬಂತು. ಆಮೇಲೆ ನಕ್ಕಿರಿ, ಡಬ್ಬಿಗೆ ಕೈ ಹಾಕಿದಿರಿ, ನನ್ನ ಲೋಟದಲ್ಲಿ ಟಣ್! "ಸಿಕ್ಕಿತು." ನನಗೆ ಎಷ್ಟು ಖುಷಿಯಾಯಿತೆಂದರೆ ಹಲ್ಲಿನ ಸಮೇತ ಟೀ ಕುಡಿದುಬಿಟ್ಟೆನೇನೋ. ತಿರುಗಿ ಸೆಟ್ಟಿನ ಕಡೆ ನೋಡಲೂ ಇಲ್ಲ. ಲೋಟದಲ್ಲಿ ಹಲ್ಲಿದೆ ಅಂದಮೇಲೆ ನೋಡುವುದೇನು? ಎರಡು ವರ್ಷ ಆ ಟಣ್ ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಮುಂದಿನದನ್ನು ಡಾಕ್ಟರು ಬಂದು ಕೂಗಾಡಿದಾಗ ನೀವೂ ಕೇಳಿದಿರಿ, ನಾನೂ ಪಕ್ಕದಲ್ಲೇ ಪ್ಲಾಸ್ಟರ್ ಕಲಸುತ್ತಾ ಕೇಳಿದೆ. ಹೊಸ ಸೆಟ್ಟು ಹಾಕಿಕೊಂಡ ಆ ಅಮ್ಮ "ಸ" ಅಂದರೆ ಸಾಕು, ಹಲ್ಲಿನ ಸಂದಿಯಿಂದ ಸೀಟಿ. ಹೊಸದಲ್ಲವೇ, ವಾರದಲ್ಲಿ ಬಾಯಿಗೆ ಒಗ್ಗುತ್ತೆ ಅಂದುಕೊಂಡು ಕೆಲಸಕ್ಕೆ ಹೋಗಿದ್ದಾರೆ. "ಬಸ್ಸು ಸಿದ್ಧವಾಗಿದೆ" ಅಂದಿದ್ದಾರೆ. ಮೈಕಿನಲ್ಲಿ ಎರಡು ಸೀಟಿ. ಎರಡು ಸೀಟಿ ಅಂದರೆ ಹೊರಡು ಅಂತ ಯಾವ ಡ್ರೈವರಿಗೆ ಗೊತ್ತಿಲ್ಲ? ಇಲ್ಲಿಯವರೆಗೆ ಕೇಳಿ ನನಗೆ ನಗು ಬಂದಿತ್ತು ತಾತಾ, ನಿಜ ಹೇಳುತ್ತೇನೆ, ತುಟಿ ಕಚ್ಚಿ ತಡೆದುಕೊಂಡೆ. ಆಮೇಲೆ ಡಾಕ್ಟರು ಹೇಳಿದರು: ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇದ್ದ ಒಬ್ಬ ಅಜ್ಜಿಯನ್ನು ಬಸ್ಸು ಹತ್ತು ಹೆಜ್ಜೆ ಎಳೆದುಕೊಂಡು ಹೋಯಿತಂತೆ. ಕಂಡಕ್ಟರು ರಟ್ಟೆ ಹಿಡಿದು ಒಳಗೆಳೆದುಕೊಂಡದ್ದಕ್ಕೆ ಮೊಣಕೈಗೆ ನಾಲ್ಕು ಹೊಲಿಗೆಯಲ್ಲಿ ಮುಗಿಯಿತು. ಕೈ ಜಾರಿದ್ದರೆ ಹಿಂದಿನ ಚಕ್ರ.

ಡಾಕ್ಟರು ಆ ಸೆಟ್ಟನ್ನು ಮೇಜಿನ ಮೇಲಿಟ್ಟು, "ನಾನು ಒಪ್ಪಿದ್ದು ಹೀಗಿರಲಿಲ್ಲ, ಕೊನೆಗೆ ಮುಟ್ಟಿದವರು ಯಾರು?" ಅಂದರು. ಅಪ್ಪ ಚೀಟಿ ನೋಡಿದರು. ಸಹಿ ನಿಮ್ಮದು. "ಅಪ್ಪಾ, ಯಾರು ನೋಡಿದ್ದು?" ನೀವು "ನಾನೇ" ಅಂದಿರಿ. ನನ್ನ ಕಡೆ ತಿರುಗಲೂ ಇಲ್ಲ. ಅಪ್ಪನ ಮುಖ ಕೆಂಪಗಾಗಿತ್ತು, ಡಾಕ್ಟರ ಎದುರು ಅವಮಾನ, ಆ ಅಜ್ಜಿಯ ವಿಷಯ ಬೇರೆ. "ನಿಮಗೂ ಈ ಕೆಲಸಕ್ಕೂ ಇನ್ನು ಸೆಟ್ ಆಗಲ್ಲ ಅಪ್ಪಾ" ಅಂದುಬಿಟ್ಟರು. ನೀವು ಮೇಣದ ಚಾಕು ಒರೆಸಿ ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡಿರಿ. ನಾನು ಬಾಯಿ ತೆರೆಯಬೇಕು, ಈಗ ತೆರೆಯಬೇಕು, ಈಗ, ಅಂತ ನಿಂತೇ ಇದ್ದೆ. ಕೈಯಲ್ಲಿದ್ದ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲ್ಲಾಯಿತು, ಕಲಸುತ್ತಿದ್ದ ಕೈಕರಣೆ ಅದರಲ್ಲೇ ನೆಟ್ಟಗೆ ನಿಂತುಕೊಂಡಿತು. ಆ ಉಂಡೆಯನ್ನು ನಾನು ಬಿಸಾಡಿಲ್ಲ. ಬೆಂಚಿನ ಕೆಳಗೆ ಬಚ್ಚಿಟ್ಟಿದ್ದೇನೆ. ದಿನಾ ಒಮ್ಮೆ ಕರಣೆ ಎಳೆದು ನೋಡುತ್ತೇನೆ, ಬರುವುದಿಲ್ಲ.

ಇಷ್ಟನ್ನು ನಿಮಗೆ ಎಂದಾದರೂ ಹೇಳಿಯೇ ತೀರುತ್ತಿದ್ದೆ ಅಂತ ಬೊಗಳೆ ಬಿಡಲಾರೆ. ಬಹುಶಃ ನುಂಗಿಕೊಂಡಿರುತ್ತಿದ್ದೆ. ಆದರೆ ಇವತ್ತು ಬೆಳಗ್ಗೆ ನಿಮ್ಮ ಡ್ರಾಯರು ತೆರೆದೆ. ಹಳೇ ಚೀಟಿಗಳನ್ನು ಪೋಣಿಸಿದ ತಂತಿ ಸಿಕ್ಕಿತು. ಶುಕ್ರವಾರದ ಚೀಟಿಗಳ ಬೆನ್ನಲ್ಲಿ ನಿಮ್ಮ ಅಕ್ಷರ. "ಸಿಕ್ಕಿತು. ಕೋರೆ." "ಸಿಕ್ಕಿತು. ಎಡ ಎರಡನೆಯದು. ಜಾಣೆ." "ಸಿಕ್ಕಿತು." "ಸಿಕ್ಕಿತು, ಕಷ್ಟವಾಯಿತು." ಹೀಗೇ ಎಂಬತ್ತೋ ತೊಂಬತ್ತೋ. ಆಮೇಲೆ: "ಸಿಗಲಿಲ್ಲ. ಹುಡುಗಿ ಸರಿಮಾಡಿದಳು." ಅದರ ಕೆಳಗಿನದು: "ಸಿಗಲಿಲ್ಲ. ಹುಡುಗಿ ಸರಿಮಾಡಿದಳು. ಹೋದ ಸಲ ಹೊರಗೆ ಯಾರೂ ಇರಲಿಲ್ಲ ಅಂತ ಅವತ್ತೇ ಗೊತ್ತಿತ್ತು." ಮೂರನೆಯದು: "ಸಿಗಲಿಲ್ಲ. ಪಾಪ, ಎಷ್ಟು ಹೆದರುತ್ತಾಳೆ." ಕೊನೆಯದು ಅನೌನ್ಸರಮ್ಮನ ಚೀಟಿ. "ಸಿಗಲಿಲ್ಲ. ಸಿಕ್ಕಿತು ಅಂದೆ."

ತಾತಾ, ನಾನು ನಿಮ್ಮಿಂದ ಬಚ್ಚಿಟ್ಟೆ, ನೀವು ನನ್ನಿಂದ ಬಚ್ಚಿಟ್ಟಿರಿ. ನಾನು ಹೆದರಬಾರದು ಅಂತ ನೀವು ಲೋಟಕ್ಕೆ ಹಲ್ಲು ಹಾಕಿದಿರಿ, ನಿಮಗೆ ನೋವಾಗಬಾರದು ಅಂತ ನಾನು ಹಲ್ಲು ತಿರುಗಿಸುತ್ತಲೇ ಇದ್ದೆ. ನಮ್ಮಿಬ್ಬರ ಮುದ್ದಿನ ಮಧ್ಯೆ ಆ ಅಜ್ಜಿಯ ಕಾಲು ನೆಲದಲ್ಲಿ ಎಳೆದಾಡಿತು. ನೀವು ಒಬ್ಬರೇ "ನಾನೇ" ಅಂದಿರಿ. ಅದು ಅರ್ಧ ಸತ್ಯ. ಉಳಿದ ಅರ್ಧ ಇಲ್ಲಿ ಬೆಂಚಿನಲ್ಲಿ ಕೂತು ನಿಮಗೆ ಕಾಗದ ಬರೆಯುತ್ತಿದೆ.

ನಾಲ್ಕಕ್ಕೆ ಹತ್ತು ನಿಮಿಷ. ಹೇಗೆ ಶುರು ಮಾಡಲಿ? "ಮಹಾಪ್ರಭುಗಳೇ" ಅಂತಲಾ? ಬೇಡ. ಶಟರು. ಬಂದರು.

* * *

ಐದೂಕಾಲು. ಹೇಳಿ ಬಂದೆ.

ಏನೇನು ಅಭ್ಯಾಸ ಮಾಡಿದ್ದೆನೋ ಎಲ್ಲ ಮರೆತುಹೋಯಿತು. ಪ್ಲಾಸ್ಟರ್ ಉಂಡೆ ತೆಗೆದು ಅಪ್ಪನ ಮುಂದೆ ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ನಿಮ್ಮ ತಂತಿ ಇಟ್ಟೆ. "ಹಲ್ಲು ತಿರುಗಿಸಿದ್ದು ನಾನು" ಅಂದೆ. ಅಷ್ಟಾದ ಮೇಲೆ ಮಿಕ್ಕಿದ್ದು ತಾನೇ ಬಂತು, ಹಿಂದುಮುಂದಾಗಿ, ಮೂಗು ಸೋರಿಸಿಕೊಂಡು. ಅಪ್ಪ ಕೈ ಎತ್ತಬಹುದು ಅಂತ ಕಾದಿದ್ದೆ. ಎತ್ತಿದ್ದರೆ ಹಗುರಾಗುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ಚೀಟಿಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ತಿರುಗಿಸಿ ಓದಿದರು. ಕೊನೆಯದನ್ನು ಎರಡು ಸಲ. "ಬೆರಳು ಎಷ್ಟು ದಿನದಿಂದ?" ಅಂದರು. ಒಂದೂವರೆ ತಿಂಗಳಿಂದ ನನಗೆ ಗೊತ್ತು, ಅದಕ್ಕೂ ಮುಂಚೆ ತಾತನಿಗೇ ಗೊತ್ತಿರಬೇಕು ಅಂದೆ. "ನನಗೆ ಒಬ್ಬರೂ ಹೇಳಲಿಲ್ಲ" ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ ತಾತಾ, ಅದೇ ಕಷ್ಟವಾದದ್ದು.

ಆಮೇಲೆ ಎದ್ದು ನಿಮ್ಮ ಬೆಂಚಿನ ಹತ್ತಿರ ಹೋದರು. ಗೋಡೆಯ ಪಟ್ಟಿ ಅವರು ಇಷ್ಟು ವರ್ಷದಲ್ಲಿ ಓದಿರಲಿಲ್ಲ ಅಂತ ಕಾಣುತ್ತೆ. ಬಗ್ಗಿ ಒಂದರಿಂದ ಮೂವತ್ತರವರೆಗೂ ಓದಿದರು, ಅಲಾರಮ್ಮಿನ ಹತ್ತಿರ ಸ್ವಲ್ಪ ನಕ್ಕ ಹಾಗಾಯಿತು. "ನಾನು ಅವತ್ತು ಹೇಳಿದ್ದು ಇದರಲ್ಲಿಲ್ಲ" ಅಂದರು. "ಬರೀಲಿಲ್ಲ" ಅಂದೆ. "ಬರೀಬೇಡ" ಅಂದರು. ನಮ್ಮಪ್ಪ ಕ್ಷಮೆ ಕೇಳುವ ವಿಧಾನ ಇದು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮಿಂದಲೇ ಕಲಿತದ್ದು.

ತೀರ್ಪು ಹೀಗಿದೆ. ಸೋಮವಾರ ನಾನು ಡಾಕ್ಟರ ಮುಂದೆ ನಿಂತು, ಹಲ್ಲು ತಿರುಗಿಸಿದವಳು ನಾನು ಅಂತ ಹೇಳಬೇಕು. ಅಲ್ಲಿಂದ ಅನೌನ್ಸರಮ್ಮನ ಮನೆಗೆ, ಅಲ್ಲಿಂದ ಆ ಅಜ್ಜಿಯ ಮನೆಗೆ. ಅಪ್ಪ ಜೊತೆಗೆ ಬರುತ್ತಾರಂತೆ, ಆದರೆ ಬಾಯಿ ತೆರೆಯುವುದು ನಾನೇ. ಹೊಸಬರು ಬರುವುದು ತಪ್ಪುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕೈ ಬೇಕೇ ಬೇಕು, ಅದು ನಿಮಗೇ ಎಲ್ಲರಿಗಿಂತ ಮುಂಚೆ ಗೊತ್ತಾಗಿತ್ತು. ಆದರೆ ಅಪ್ಪ ಈಗಷ್ಟೇ ಎದುರು ಅಂಗಡಿಯಿಂದ ಒಂದು ಹೊಸ ಸ್ಟೂಲು ಹೊತ್ತುಕೊಂಡು ಬಂದು ಪ್ಲಾಸ್ಟರ್ ಮೇಜಿನ ಹತ್ತಿರ ಹಾಕಿದರು. ಹೊಸಬರು ಅಲ್ಲಿ ಕೂರುತ್ತಾರಂತೆ. ನಿಮ್ಮ ಸ್ಟೂಲಿನ ಮೇಲಿದ್ದ ನನ್ನ ಚೀಲವನ್ನು ಎತ್ತಿ ಕೆಳಗಿಟ್ಟರು. ಬೆರಳಿಗೆ ಡಾಕ್ಟರನ್ನು ನೋಡಬೇಕು, ಹಲ್ಲಿನವರನ್ನಲ್ಲ, ನರದವರನ್ನು. ಅದಕ್ಕೆ ನೀವು ತಕರಾರು ಮಾಡಿದರೆ ಹೊತ್ತುಕೊಂಡು ಹೋಗುವುದು ಅಂತ ನಾನೂ ಅಮ್ಮನೂ ನಿರ್ಧಾರ ಮಾಡಿ ಆಗಿದೆ.

ಈ ಕಾಗದದ ಜೊತೆ ಬಂದಿರುವ ತಗಡಿನ ಡಬ್ಬಿ ತೆರೆಯಿರಿ, ಒದ್ದೆ ಬಟ್ಟೆ ನಿಧಾನಕ್ಕೆ ಬಿಡಿಸಿ. ಅನೌನ್ಸರಮ್ಮನಿಗೆ ಹೊಸ ಸೆಟ್ಟು, ಮೇಣದಲ್ಲಿದೆ. ಮೂರು ದಿನ ಅಪ್ಪ ಇಲ್ಲದ ಹೊತ್ತು ನೋಡಿಕೊಂಡು ನಾನೇ ಕೂರಿಸಿದ್ದು. ಗುರುವಾರಕ್ಕೆ ಕೊಡದಿದ್ದರೆ ಡಾಕ್ಟರು ಇನ್ನು ನಮ್ಮ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ನಿಮ್ಮ ಸಹಿ ಇಲ್ಲದೆ ಇದಕ್ಕೆ ಪ್ಲಾಸ್ಟರ್ ಬೀಳುವುದಿಲ್ಲ ಅಂತ ಅಪ್ಪ ಹೇಳಿದ್ದಾರೆ. ಎಂದಿನ ಪದ್ಧತಿಯಂತೆ ಇದರಲ್ಲಿ ಒಂದು ತಪ್ಪು ಇಟ್ಟಿದ್ದೇನೆ. ನಿಯಮ ಒಂದೇ ಬದಲು: ಕಣ್ಣು ಮುಚ್ಚುವಂತಿಲ್ಲ. ಕನ್ನಡಕ ಹಾಕಿಕೊಂಡು, ಕಿಟಕಿ ಬೆಳಕಿಗೆ ಹಿಡಿದು, ಎಷ್ಟು ಹೊತ್ತು ಬೇಕಾದರೂ ನೋಡಿ. ಇನ್ನು ಮೇಲೆ ಆಟ ಪೂರಾ ಬಂದ್. ಇದೇ ಕೊನೆಯದು.

ಅಮ್ಮ ನಿಮ್ಮ ಸ್ವೆಟರು ಒಗೆದು ಮಡಿಸಿಟ್ಟಿದ್ದಾಳೆ. ಕಳಿಸಲ್ಲವಂತೆ, ಬೇಕಿದ್ದವರು ಬಂದು ಹಾಕಿಕೊಳ್ಳಲಿ ಅಂತ ಅಪ್ಪಣೆ. ಅತ್ತೆಗೆ ನನ್ನ ನಮಸ್ಕಾರ, ಟೀ ಬಗ್ಗೆ ಬರೆದದ್ದನ್ನು ಓದಿ ಹೇಳಬೇಡಿ. ನಿಮ್ಮ ಆಶೀರ್ವಾದ ಈ ಸೋಮವಾರಕ್ಕೆ ಎರಡು ಪಾಲು ಬೇಕು, ಒಂದು ಪಾಲು ಡಾಕ್ಟರ ಬಾಗಿಲಲ್ಲೇ ಖರ್ಚಾಗಿಬಿಡುತ್ತೆ.

ಇಂತಿ ತಮ್ಮ ಆಜ್ಞಾಧಾರಕಳೂ ಅಪರಾಧದಲ್ಲಿ ಅರ್ಧ ಪಾಲುದಾರಳೂ ಆದ
ತರಲೆ

ವಿ. ಸೂ.: ಅವಸರದಲ್ಲಿದ್ದೇನೆ, ಅಪ್ಪ ಚಪ್ಪಲಿ ಮೆಟ್ಟಿ ಡಬ್ಬಿಗೆ ಕೈ ಚಾಚಿ ನಿಂತಿದ್ದಾರೆ, ಆರೂವರೆ ಬಸ್ಸು. ಬಿಸಿ ತಾಗಿದರೆ ಮೇಣ ಬಾಗುತ್ತೆ, ಬೇರೆ ಯಾರ ಕೈಗೂ ಕೊಡಲ್ಲ, ನಾನೇ ಒಯ್ಯುತ್ತೇನೆ ಅಂತ ಅವರೇ ಹೊರಟಿದ್ದು. ಅವರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. ಇನ್ನೊಂದು. ಮೇಲೆ ಬರೆದದ್ದು ಸುಳ್ಳು ತಾತಾ. ಸೆಟ್ಟಿನಲ್ಲಿ ತಪ್ಪು ಇಟ್ಟಿಲ್ಲ. ಮೂರು ಸಲ ಚಾಕು ಬಿಸಿ ಮಾಡಿ ಕೂತೆ, ಕೈ ಒಪ್ಪಲಿಲ್ಲ. ಹದಿನಾಲ್ಕೂ ನೀವು ಕಲಿಸಿದ ಜಾಗದಲ್ಲೇ ಇವೆ, ನನಗೆ ಗೊತ್ತಿರುವ ಮಟ್ಟಿಗೆ. ನೀವು ಎಷ್ಟು ಹುಡುಕಿದರೂ ಸಿಗದಿದ್ದರೆ ನಗಬೇಡಿ, ಲೋಟಕ್ಕೆ ಹಲ್ಲು ಹಾಕಬೇಡಿ. ಸಿಗಲಿಲ್ಲ ಅಂತಲೇ ಹೇಳಿ. ಅಪ್ಪನ ಎದುರಿಗೇ, ಜೋರಾಗಿ ಹೇಳಿ. ಈ ಸಲ ಅದೇ ಸರಿಯುತ್ತರ.